ರೋಟರಿ ಎಫೆಕ್ಟ್‌ನ ವೇಗ ಪೆಡಲ್ ಒತ್ತಿದಾಗ ಜಿಗಿಯುತ್ತಿದೆ: ಸ್ಟೇಜ್ ಪಿಯಾನೊ ಬಲ್ಲವರು ನೋಡಿ

ತುಮಕೂರು ಕೀಲಿಮಣೆ (ಶನಿವಾರ, ರಾತ್ರಿ 11.20)

ಹದಿನೈದು ದಿನಗಳಿಂದ ಒಂದೇ ಸಮಸ್ಯೆ ಹಿಡಿದು ಕುಳಿತಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ನಮ್ಮದು ಐದು ಜನರ ವಾದ್ಯವೃಂದ. ತುಮಕೂರು, ಗುಬ್ಬಿ, ಶಿರಾ ಕಡೆಯ ಆರತಕ್ಷತೆಗಳಲ್ಲಿ, ಗಣೇಶೋತ್ಸವ ಮತ್ತು ರಾಜ್ಯೋತ್ಸವದ ರಸಮಂಜರಿಗಳಲ್ಲಿ ನುಡಿಸುತ್ತೇವೆ. ಇಷ್ಟು ವರ್ಷ 61 ಕೀಗಳ ಕೀಬೋರ್ಡ್ ಇತ್ತು. ಎರಡು ತಿಂಗಳ ಹಿಂದೆ ಹಣ ಕೂಡಿಸಿ, ಯಾರೋ ಬಳಸಿದ್ದ 88 ಕೀಗಳ ಸ್ಟೇಜ್ ಪಿಯಾನೊ ಕೊಂಡೆ. ಪಿಯಾನೊ ನಾದ ಚೆನ್ನಾಗಿದೆ. ಆದರೆ ಹಳೆಯ ಚಿತ್ರಗೀತೆಗಳಿಗೆ ನನಗೆ ಬೇಕಿರುವುದು ಆರ್ಗನ್, ಅದರಲ್ಲೂ ಲೆಸ್ಲಿ ಸ್ಪೀಕರಿನಿಂದ ಬರುವ ಆ ತಿರುಗುವ ನಾದ. ಪಲ್ಲವಿಯಲ್ಲಿ ನಿಧಾನವಾಗಿ ತೂಗಬೇಕು, ಚರಣ ಮುಗಿದು ಪಲ್ಲವಿಗೆ ಮರಳುವಾಗ ವೇಗ ಹಿಡಿಯಬೇಕು. ಎರಡೂ ಕೈಗಳು ಕೀಗಳ ಮೇಲಿರುವುದರಿಂದ ಅದು ಕಾಲಿನಿಂದಲೇ ಆಗಬೇಕು.

ವಾದ್ಯದಲ್ಲಿ ಆ ಲೆಸ್ಲಿ ನಾದವನ್ನು ಅನುಕರಿಸುವ ರೋಟರಿ ಎಫೆಕ್ಟ್ ಇದೆ. ಅದನ್ನು ಪೆಡಲ್‌ಗೆ ಜೋಡಿಸಿದ್ದೇನೆ. ಒತ್ತಿದರೆ ವೇಗ ಏರುವ ಬದಲು ಒಮ್ಮೆಲೇ ಜಿಗಿಯುತ್ತದೆ, ಫ್ಯಾನಿನ ಗುಂಡಿ ಒಂದರಿಂದ ಐದಕ್ಕೆ ತಿರುಗಿಸಿದ ಹಾಗೆ. ಎಡಗೈಗೆ ಪಿಯಾನೊ, ಬಲಗೈಗೆ ಆರ್ಗನ್ ಎಂದು ಕೀಗಳನ್ನು ಪಾಲು ಮಾಡಿದರೆ ಪಿಯಾನೊ ಕೂಡ ತಿರುಗತೊಡಗುತ್ತದೆ. ಇದೆಲ್ಲದರ ಮೇಲೆ, ಹೆಡ್‌ಫೋನಿನಲ್ಲಿ ಜೀವ ತುಂಬಿದಂತೆ ಕೇಳುವ ನಾದ ವೇದಿಕೆಯಲ್ಲಿ ಬಡವಾಗುತ್ತದೆ, ತಿರುಗುವಿಕೆಯೇ ಕೇಳುವುದಿಲ್ಲ. ಮುಂದಿನ ಭಾನುವಾರ ಕಾರ್ಯಕ್ರಮವಿದೆ.

ತಿಪಟೂರು ತಾಳ

ಕೀಗಳ ಎಡಕ್ಕೆ ಮಾಡ್ಯುಲೇಷನ್ ವೀಲ್ ಎಂಬ ಚಕ್ರ ಇರುವಾಗ ಪೆಡಲ್ ಏಕೆ? ಎಡಗೈಯಿಂದ ಒಮ್ಮೆ ತಳ್ಳಿದರೆ ಮುಗಿಯಿತು. ನಾನು ಹಾಗೆಯೇ ನುಡಿಸುತ್ತೇನೆ.

ತುಮಕೂರು ಕೀಲಿಮಣೆ

ಎಡಗೈ ಪಿಯಾನೊದಲ್ಲಿ ಕಾರ್ಡ್ ಹಿಡಿದಿರುತ್ತದೆ. ನಮ್ಮಲ್ಲಿ ಬೇಸ್ ಗಿಟಾರ್ ಇಲ್ಲದ ದಿನ ಬೇಸ್ ಕೂಡ ಅದೇ ಕೈಯ ಪಾಲು. ಅದನ್ನು ತೆಗೆದರೆ ಹಾಡಿನ ನೆಲವೇ ಕುಸಿಯುತ್ತದೆ.

ಚಿಂತಾಮಣಿ 88

ನೀವು ಪೆಡಲನ್ನು ತಪ್ಪು ಜಾಗಕ್ಕೆ ಜೋಡಿಸಿದ್ದೀರಿ ಎಂದು ಬಲವಾಗಿ ಅನ್ನಿಸುತ್ತಿದೆ. ಮೂರು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ.

ರೋಟರಿ ಎಫೆಕ್ಟ್‌ನ ಒಳಗೆ ವೇಗಕ್ಕೆ ಸಂಬಂಧಿಸಿದ ಹಲವು ಆಯ್ಕೆಗಳು ಇರುತ್ತವೆ. ನನ್ನದು ರೋಲ್ಯಾಂಡ್, ಅದರಲ್ಲಿ ‘ಸ್ಪೀಡ್’ ಎಂಬುದು ಸ್ಲೋ ಅಥವಾ ಫಾಸ್ಟ್ ಎಂಬ ಎರಡೇ ಸ್ಥಿತಿಗಳ ಸ್ವಿಚ್. ಅದರ ಕೆಳಗೆ ವೂಫರ್ (ಮಂದ್ರದ ಭಾಗ) ಮತ್ತು ಟ್ವೀಟರ್ (ತಾರದ ಭಾಗ) ಎರಡಕ್ಕೂ ಪ್ರತ್ಯೇಕವಾಗಿ ಸ್ಲೋ ಸ್ಪೀಡ್, ಫಾಸ್ಟ್ ಸ್ಪೀಡ್, ಟ್ರಾನ್ಸ್ ಅಪ್, ಟ್ರಾನ್ಸ್ ಡೌನ್ ಎಂಬ ಅಂಕಿಗಳಿವೆ. ಪೆಡಲನ್ನು ಸ್ವಿಚ್‌ಗೆ ಜೋಡಿಸಿದರೆ ಯಂತ್ರವು ಟ್ರಾನ್ಸ್ ಅಪ್‌ನಲ್ಲಿ ಹೇಳಿದ ನಡಿಗೆಯಲ್ಲಿ ವೇಗ ಏರಿಸುತ್ತದೆ. ಅದರ ಬದಲು ಸ್ಲೋ ಸ್ಪೀಡ್ ಎಂಬ ಅಂಕಿಗೇ ಪೆಡಲ್ ಜೋಡಿಸಿದರೆ ಕಾಲು ಇಟ್ಟ ಕ್ಷಣ ಅಂಕಿ ಬದಲಾಗುತ್ತದೆ, ವೇಗವೂ ಜಿಗಿಯುತ್ತದೆ. ನಿಮ್ಮ ವಾದ್ಯದಲ್ಲಿ ಹೆಸರುಗಳು ಬೇರೆ ಇರಬಹುದು. ‘ರೇಟ್’ ಎಂದಿದ್ದರೆ ಅದನ್ನು ಬಿಡಿ, ಸ್ಲೋ ಮತ್ತು ಫಾಸ್ಟ್ ಎಂದು ಎರಡೇ ಆಯ್ಕೆ ಇರುವುದನ್ನು ಹುಡುಕಿ.

ಪಿಯಾನೊ ತಿರುಗುವುದಕ್ಕೆ ಕಾರಣ ಸರಳ: ನೀವು ರೋಟರಿಯನ್ನು ಎಲ್ಲ ನಾದಗಳೂ ಹಾದುಹೋಗುವ ಕೊನೆಯ ಬಾಗಿಲಿನಲ್ಲಿ ಇಟ್ಟಿದ್ದೀರಿ. ಅದನ್ನು ಮಾಸ್ಟರ್ ಎಫೆಕ್ಟ್‌ನಿಂದ ತೆಗೆದು ಆರ್ಗನ್ ಇರುವ ಜೋನ್‌ನ (ಕೀಗಳ ಪಾಲಿನ) ಇನ್ಸರ್ಟ್ ಎಫೆಕ್ಟ್‌ಗೆ, ಅಂದರೆ ಆ ಪಾಲಿಗೆ ಮಾತ್ರ ತಗಲುವ ಎಫೆಕ್ಟ್‌ಗೆ ಹಾಕಿ. ಹಾಕಿದ ಮೇಲೆ ‘ರೈಟ್’ ಒತ್ತಿ ಉಳಿಸುವುದನ್ನು ಮರೆಯಬೇಡಿ. ಉಳಿಸದೆ ಆರಿಸಿದರೆ ಎಲ್ಲವೂ ಹೋಗುತ್ತದೆ.

ನಂದಿ ತಪ್ಪಲು

ಒಂದು ಪ್ರಶ್ನೆ. ಇದು ಬರೀ ಟ್ರೆಮೊಲೊ ತಾನೆ? ಸದ್ದು ಏರುತ್ತದೆ, ಇಳಿಯುತ್ತದೆ. ಅದಕ್ಕೆ ಇಷ್ಟೊಂದು ಒದ್ದಾಟ ಬೇಕೇ? ಅನೇಕ ಕೀಬೋರ್ಡುಗಳಲ್ಲಿ ಟ್ರೆಮೊಲೊ ಇರುತ್ತದೆ.

ಕೋಲಾರ ಶ್ರುತಿ

ಒಪ್ಪುವುದಿಲ್ಲ. ಕೋಲಾರದ ಹೊರಗೆ ಹೆದ್ದಾರಿ ಪಕ್ಕ ನಿಂತುಕೊಳ್ಳಿ. ಮುಳಬಾಗಿಲು ಕಡೆಯಿಂದ ಹಾರ್ನ್ ಒತ್ತಿಕೊಂಡು ಬರುವ ಬಸ್ಸು ನಿಮ್ಮನ್ನು ದಾಟಿದ ಕ್ಷಣದಲ್ಲಿ ಹಾರ್ನಿನ ಸ್ವರ ಕೆಳಗಿಳಿಯುತ್ತದೆ. ಅದು ಡಾಪ್ಲರ್ ಪರಿಣಾಮ. ಲೆಸ್ಲಿಯಲ್ಲಿ ಆಗುವುದೂ ಅದೇ, ಆದರೆ ವೃತ್ತದಲ್ಲಿ. ಪೆಟ್ಟಿಗೆಯೊಳಗೆ ತಿರುಗುವ, ಸದ್ದು ಹೊರಬಿಡುವ ಕೊಂಬು ನಿಮ್ಮ ಕಡೆಗೆ ಬರುವಾಗ ಸ್ವರ ಕೂದಲೆಳೆಯಷ್ಟು ಮೇಲೇರುತ್ತದೆ, ದೂರ ಸರಿಯುವಾಗ ಇಳಿಯುತ್ತದೆ. ಜೊತೆಗೆ ಸದ್ದಿನ ಪ್ರಮಾಣವೂ ಬದಲಾಗುತ್ತದೆ, ಕೊಂಬು ನಿಮ್ಮತ್ತ ಮುಖ ಮಾಡಿದಾಗ ತೀಕ್ಷ್ಣವಾಗಿ, ಬೆನ್ನು ತಿರುಗಿಸಿದಾಗ ಮಂಕಾಗಿ ಕೇಳುತ್ತದೆ. ಸ್ವರ, ಬಲ, ಬಣ್ಣ ಮೂರೂ ಒಟ್ಟಿಗೆ ಚಲಿಸುತ್ತವೆ. ಬರೀ ಟ್ರೆಮೊಲೊದಲ್ಲಿ ಬಲ ಒಂದೇ ಚಲಿಸುವುದು.

ಪೆಟ್ಟಿಗೆಯೊಳಗೆ ತಿರುಗುವ ಭಾಗಗಳು ಎರಡು. ಮೇಲೆ ತಾರಕ್ಕೆ ಕೊಂಬು, ಕೆಳಗೆ ಮಂದ್ರಕ್ಕೆ ಮರದ ಡ್ರಮ್. ಸುಮಾರು 800 ಹರ್ಟ್ಸ್‌ನಲ್ಲಿ ನಾದವನ್ನು ಸೀಳಿ ಎರಡಕ್ಕೂ ಹಂಚುತ್ತಾರೆ. ಎರಡೂ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಮೇಲೆ ಎರಡು ಕೊಂಬುಗಳು ಕಂಡರೂ ಸದ್ದು ಬರುವುದು ಒಂದರಿಂದ ಮಾತ್ರ. ಇನ್ನೊಂದು ತೂಕ ಸರಿದೂಗಿಸಲು.

ನಂದಿ ತಪ್ಪಲು

ಬಸ್ಸಿನ ಉದಾಹರಣೆಯಿಂದ ಸ್ಪಷ್ಟವಾಯಿತು. ಹಾಗಾದರೆ ಹ್ಯಾಮಂಡ್ ಕಂಪನಿಯವರು ಆರ್ಗನ್ ಜೊತೆಗೇ ಇದನ್ನೂ ಮಾಡಿದರೇ?

ಕೋಲಾರ ಶ್ರುತಿ

ಇಲ್ಲ, ಅನೇಕರು ಹಾಗೆ ತಿಳಿದಿದ್ದಾರೆ. ಹ್ಯಾಮಂಡ್ ಆರ್ಗನ್ ಮಾರುಕಟ್ಟೆಗೆ ಬಂದದ್ದು 1935ರಲ್ಲಿ. ಅದರ ನಾದ ಪೈಪ್ ಆರ್ಗನ್ ಮುಂದೆ ಸಪ್ಪೆ ಎನ್ನಿಸಿ, ಡಾನ್ ಲೆಸ್ಲಿ ಎಂಬುವರು 1940ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈ ಸ್ಪೀಕರ್ ಕಟ್ಟಿದರು. ಹ್ಯಾಮಂಡ್ ಕಂಪನಿಗೆ ತೋರಿಸಿದರೂ ಅವರು ಕೊಳ್ಳಲಿಲ್ಲ. ಆ ಕಂಪನಿ ಕಟ್ಟಿದ ಲಾರೆನ್ಸ್ ಹ್ಯಾಮಂಡ್ ಅವರಿಗೆ ಇದು ಹಿಡಿಸಲೇ ಇಲ್ಲ. ಆದರೆ ನುಡಿಸುವವರು ಎರಡನ್ನೂ ಬಿಡಲಾಗದಂತೆ ಜೋಡಿ ಮಾಡಿದರು.

ಗುಬ್ಬಿ ಪೇಟಿ

ವೇಗ ಜಿಗಿಯುವ ವಿಷಯಕ್ಕೆ ಮರಳೋಣ. ನನ್ನ ಅಜ್ಜ ನಾಟಕ ಕಂಪನಿಯೊಂದರಲ್ಲಿ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದರು. ನಮ್ಮ ಊರಿನ ಹೆಸರು ಹೊತ್ತ ಗುಬ್ಬಿ ಕಂಪನಿ 1884ರಲ್ಲಿ ಶುರುವಾದದ್ದು. ಆ ಪರಂಪರೆಯಿಂದಾಗಿ ಈ ಕಡೆ ಮನೆಗೊಬ್ಬರು ಪೇಟಿ ಬಲ್ಲವರಿದ್ದರು. ಕಾಲು ಹಾರ್ಮೋನಿಯಂನಲ್ಲಿ ಎರಡೂ ಕೈಗಳು ಕೀಗಳ ಮೇಲೆ, ಗಾಳಿ ಮಾತ್ರ ಕಾಲಿನಿಂದ. ರಂಗಗೀತೆಯ ಏರು ಬರುವ ಮೊದಲೇ ಅಜ್ಜನ ಕಾಲು ಬಿಗಿಯಾಗುತ್ತಿತ್ತು. ಗಾಳಿ ತುಂಬಲು ಕ್ಷಣ ಹಿಡಿಯುತ್ತದೆ, ಆದ್ದರಿಂದ ಮುಂಚೆಯೇ ತುಳಿಯಬೇಕು ಎನ್ನುತ್ತಿದ್ದರು.

ಲೆಸ್ಲಿಯ ಪೆಡಲ್ ಕೂಡ ಹಾಗೆಯೇ ಎಂದು ನನಗೆ ನುಡಿಸುತ್ತಾ ಅರ್ಥವಾಯಿತು. ನಿಧಾನವೂ ಸೊಗಸೇ, ವೇಗವೂ ಸೊಗಸೇ. ಆದರೆ ಕೇಳುವವರ ಎದೆ ತಟ್ಟುವುದು ಒಂದರಿಂದ ಇನ್ನೊಂದಕ್ಕೆ ಹೋಗುವ ಆ ಎರಡು ಮೂರು ಸೆಕೆಂಡು. ದಯವಿಟ್ಟು ಟ್ರಾನ್ಸ್ ಅಪ್ ಅಂಕಿಗಳ ಮೇಲೆ ಒಂದು ಸಂಜೆ ಪೂರ್ತಿ ಕಳೆಯಿರಿ. ಕೊಂಬು ಹಗುರ, ಸುಮಾರು ಒಂದು ಸೆಕೆಂಡಿನಲ್ಲಿ ವೇಗ ಹಿಡಿಯುತ್ತದೆ. ಡ್ರಮ್ ಭಾರ, ನಾಲ್ಕೈದು ಸೆಕೆಂಡು ತೆಗೆದುಕೊಳ್ಳುತ್ತದೆ. ಎರಡಕ್ಕೂ ಒಂದೇ ಅಂಕಿ ಕೊಟ್ಟರೆ ಯಂತ್ರ ಯಂತ್ರದಂತೆಯೇ ಕೇಳುತ್ತದೆ. ಮೇಲಿನದು ಮೊದಲು ಓಡಿ, ಕೆಳಗಿನದು ಹಿಂದಿನಿಂದ ಬಂದು ಸೇರಬೇಕು. ಇಳಿಯುವಾಗಲೂ ಅಷ್ಟೆ.

ಚಿಂತಾಮಣಿ 88

ಗುಬ್ಬಿ ಪೇಟಿಯವರ ಮಾತಿಗೆ ಅಂಕಿ ಸೇರಿಸುತ್ತೇನೆ. ವೇಗದಲ್ಲಿ ಕೊಂಬು ನಿಮಿಷಕ್ಕೆ ಸುಮಾರು 400 ಸುತ್ತು, ಅಂದರೆ ಸೆಕೆಂಡಿಗೆ ಏಳಕ್ಕೆ ಸ್ವಲ್ಪ ಕಡಿಮೆ. ಡ್ರಮ್ ಅದಕ್ಕಿಂತ ಒಂದಿಷ್ಟು ನಿಧಾನ. ಸ್ಲೋ ಸ್ಥಿತಿಯಲ್ಲಿ ನಿಮಿಷಕ್ಕೆ 40ರಿಂದ 50 ಸುತ್ತು. ವಾದ್ಯದ ಪರದೆಯಲ್ಲಿ ಹರ್ಟ್ಸ್ ತೋರಿಸಿದರೆ ಸ್ಲೋಗೆ 0.7 ಅಥವಾ 0.8, ಫಾಸ್ಟ್‌ಗೆ 6.6ರ ಸುತ್ತಮುತ್ತ ಇಟ್ಟು ಕಿವಿಯಿಂದ ಸರಿಪಡಿಸಿಕೊಳ್ಳಿ.

ತಿಪಟೂರು ತಾಳ

ಇಷ್ಟೆಲ್ಲ ಮಾಡಿದರೂ ಗಣಪತಿ ಪೆಂಡಾಲಿನಲ್ಲಿ ಯಾರು ಗಮನಿಸುತ್ತಾರೆ? ಜನಕ್ಕೆ ಬೇಕಿರುವುದು ಹಾಡು ಮತ್ತು ತಾಳ.

ಗುಬ್ಬಿ ಪೇಟಿ

ಗಮನಿಸುತ್ತಾರೆ. ಹೆಸರು ಹೇಳಲು ಬಾರದಿರಬಹುದು, ಆದರೆ ಕೇಳಿದ ನೆನಪು ಮೈಯಲ್ಲಿರುತ್ತದೆ. ನಾವು ಹಳೆಯ ಹಾಡೊಂದನ್ನು ಸರಿಯಾದ ಆರ್ಗನ್ ನಾದದೊಂದಿಗೆ ನುಡಿಸಿದ ರಾತ್ರಿ, ಅರವತ್ತು ದಾಟಿದ ಒಬ್ಬರು ವೇದಿಕೆ ಹಿಂದೆ ಬಂದು, ‘ರೇಡಿಯೊದಲ್ಲಿ ಕೇಳಿದ ಹಾಗೆಯೇ ಇತ್ತು’ ಎಂದು ಕೈ ಹಿಡಿದುಕೊಂಡರು. ಜನಕ್ಕೆ ತಿಳಿಯುವುದಿಲ್ಲ ಎಂದು ನಾವೇ ತೀರ್ಮಾನಿಸುವುದು ಜನರಿಗೆ ಮಾಡುವ ಅನ್ಯಾಯ.

ಶಿಡ್ಲಘಟ್ಟ ಮಿಕ್ಸರ್

ಮೂರನೆಯ ಸಮಸ್ಯೆಯನ್ನು ಯಾರೂ ಮುಟ್ಟಿಲ್ಲ. ನಾನು ಧ್ವನಿವರ್ಧಕದ ಕೆಲಸ ಮಾಡುವವನು, ಹಾಗಾಗಿ ಅದನ್ನು ನನಗೆ ಬಿಡಿ.

ನಿಮ್ಮ ಕಡೆಯ ಬಹುಪಾಲು ವೇದಿಕೆಗಳಲ್ಲಿ ವ್ಯವಸ್ಥೆ ಮೋನೊ. ಎಡಬಲ ಎರಡು ಕಡೆ ಸ್ಪೀಕರ್ ಇದ್ದರೂ ಎರಡಕ್ಕೂ ಹೋಗುವುದು ಒಂದೇ ಸದ್ದು. ಈಗ ನಿಮ್ಮ ವಾದ್ಯದೊಳಗಿನ ರೋಟರಿ ಏನು ಮಾಡುತ್ತದೆ ನೋಡಿ. ತಿರುಗುವ ಕೊಂಬಿನ ಎದುರುಬದುರು ಎರಡು ಮೈಕ್ ಇಟ್ಟಂತೆ ಲೆಕ್ಕ ಹಾಕುತ್ತದೆ. ಕೊಂಬು ಎಡ ಮೈಕಿನತ್ತ ತಿರುಗಿದಾಗ ಎಡ ಜೋರು, ಬಲ ಮೆಲ್ಲಗೆ. ಅರ್ಧ ಸುತ್ತಿನ ನಂತರ ಅದು ತಿರುವುಮುರುವು. ಹೆಡ್‌ಫೋನಿನಲ್ಲಿ ಇದು ತಲೆಯ ಸುತ್ತ ಸುತ್ತುತ್ತದೆ. ಆದರೆ ಎರಡನ್ನೂ ಕೂಡಿಸಿ ಒಂದು ಮಾಡಿದರೆ, ಎಡ ಏರಿದ್ದನ್ನು ಬಲ ಇಳಿದದ್ದು ಸರಿದೂಗಿಸಿಬಿಡುತ್ತದೆ. ಏರಿಳಿತ ಬಹಳಷ್ಟು ಅಳಿಸಿಹೋಗುತ್ತದೆ. ನೀವು ಹೇಳುವ ಬಡತನ ಅದೇ.

ವಾದ್ಯದ ಹಿಂದೆ ‘ಎಲ್/ಮೋನೊ’ ಎಂಬ ಜಾಕ್‌ಗೆ ಒಂದೇ ಕೇಬಲ್ ಹಾಕಿದರೆ ವಾದ್ಯವೇ ಒಳಗೆ ಎರಡನ್ನೂ ಕೂಡಿಸುತ್ತದೆ, ಅಲ್ಲೇ ಕೆಲಸ ಕೆಡುತ್ತದೆ. ಅದರ ಬದಲು ‘ಆರ್’ ಜಾಕ್‌ಗೂ ಒಂದು ಕೇಬಲ್ ಸುಮ್ಮನೆ ಚುಚ್ಚಿಡಿ, ಇನ್ನೊಂದು ತುದಿ ಎಲ್ಲಿಗೂ ಹೋಗದಿರಲಿ. ಆಗ ವಾದ್ಯ ತಾನು ಸ್ಟೀರಿಯೊದಲ್ಲಿದ್ದೇನೆ ಎಂದುಕೊಳ್ಳುತ್ತದೆ, ನೀವು ಎಡಭಾಗವನ್ನು ಮಾತ್ರ ಮಿಕ್ಸರ್‌ಗೆ ಕಳುಹಿಸುತ್ತೀರಿ. ಒಂದೇ ಮೈಕಿನಿಂದ ಕೇಳಿದ ಲೆಸ್ಲಿ ನಿಮಗೆ ಸಿಗುತ್ತದೆ, ಏರಿಳಿತ ಪೂರ್ತಿ ಉಳಿಯುತ್ತದೆ.

ಚಿಂತಾಮಣಿ 88

ಎಡಭಾಗ ಮಾತ್ರ ಕಳುಹಿಸಿದರೆ ಪಿಯಾನೊದ ತಾರಸ್ಥಾಯಿ ಕುಗ್ಗುತ್ತದೆ. ಸ್ಟೀರಿಯೊ ಪಿಯಾನೊದಲ್ಲಿ ಮೇಲಿನ ಸ್ವರಗಳು ಬಲಕ್ಕೆ ಹೆಚ್ಚು ವಾಲಿರುತ್ತವೆ. ಆರ್ಗನ್‌ಗೆ ಸರಿ, ಪಿಯಾನೊಗೆ ಸರಿಯಲ್ಲ.

ಶಿಡ್ಲಘಟ್ಟ ಮಿಕ್ಸರ್

ಮಾತು ಸರಿ. ಆದರೆ ಇವರ ಜೋಡಣೆಯಲ್ಲಿ ಪಿಯಾನೊ ಎಡಗೈಗೆ, ಮಂದ್ರ ಮತ್ತು ಮಧ್ಯಸ್ಥಾಯಿಯಲ್ಲಿ. ನಷ್ಟ ಅಲ್ಪ. ಪಿಯಾನೊ ಒಂದನ್ನೇ ನುಡಿಸುವ ಹಾಡಿದ್ದರೆ ಆ ನಾದಕ್ಕೆ ಮೋನೊ ಪಿಯಾನೊ ಆಯ್ದುಕೊಳ್ಳಲಿ, ಬಹುತೇಕ ಸ್ಟೇಜ್ ಪಿಯಾನೊಗಳಲ್ಲಿ ಒಂದಾದರೂ ಇರುತ್ತದೆ. ಎರಡು ಚಾನೆಲ್ ಕೊಡುವ ವೇದಿಕೆಯಾದರೆ ಈ ಚಿಂತೆಯೇ ಇಲ್ಲ, ಎರಡೂ ಕೇಬಲ್ ಹಾಕಿ ಎಡಬಲಕ್ಕೆ ಹರಡಿ.

ಕೆಜಿಎಫ್ ಆರ್ಗನ್

ನಾನು ಬೆಳೆದದ್ದು ಕೆಜಿಎಫ್‌ನಲ್ಲಿ. ನಮ್ಮ ಚರ್ಚಿನಲ್ಲಿ ಕಾಲಿನಿಂದ ತುಳಿಯುವ ರೀಡ್ ಆರ್ಗನ್ ಇತ್ತು. ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ನುಡಿಸುವವರು ಒಬ್ಬೊಬ್ಬರಾಗಿ ಊರು ಬಿಟ್ಟರು, ಅದರ ರೀಡ್‌ಗಳಿಗೆ ಧೂಳು ಹಿಡಿಯಿತು. ಗುಬ್ಬಿಯವರ ಅಜ್ಜನ ಕಥೆ ಓದಿ ಆ ಪೆಡಲ್‌ಗಳ ಕಿರುಗುಟ್ಟುವ ಸದ್ದು ಕಿವಿಗೆ ಬಂತು.

ವಿಷಯದಿಂದ ಸ್ವಲ್ಪ ಆಚೆ ಹೋಗುತ್ತೇನೆ, ಕ್ಷಮಿಸಿ. ಯಾರಾದರೂ ಅಮೆರಿಕದಿಂದ ನಿಜವಾದ ಲೆಸ್ಲಿ ಅಥವಾ ಹ್ಯಾಮಂಡ್ ತರಿಸುವ ಆಸೆ ಇಟ್ಟುಕೊಂಡಿದ್ದರೆ ಒಂದು ಮಾತು. ಅಲ್ಲಿನ ವಿದ್ಯುತ್ 60 ಹರ್ಟ್ಸ್, ನಮ್ಮದು 50. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಸರಿಪಡಿಸಬಹುದು, ಆದರೆ ಆವರ್ತನ ಬದಲಾಗುವುದಿಲ್ಲ. ಲೆಸ್ಲಿಯ ಮೋಟಾರು ಆರರಲ್ಲಿ ಐದು ಭಾಗದ ವೇಗಕ್ಕೆ ಇಳಿಯುತ್ತದೆ. ಹಳೆಯ ಹ್ಯಾಮಂಡ್‌ನಲ್ಲಿ ಇನ್ನೂ ಕಷ್ಟ. ಅದರ ಸ್ವರಗಳು ಹುಟ್ಟುವುದೇ ಮೋಟಾರಿನಿಂದ ತಿರುಗುವ ಹಲ್ಲುಚಕ್ರಗಳಿಂದ, ಹಾಗಾಗಿ ಇಡೀ ವಾದ್ಯದ ಶ್ರುತಿ ಇಳಿಯುತ್ತದೆ.

ಕೋಲಾರ ಶ್ರುತಿ

ಆರಕ್ಕೆ ಐದು ಎಂದರೆ ಷಡ್ಜ ಒತ್ತಿದಾಗ ಮಂದ್ರದ ಚತುಶ್ರುತಿ ಧೈವತ ಕೇಳುತ್ತದೆ! ಈ ಲೆಕ್ಕ ನನಗೆ ಎಂದೂ ಹೊಳೆದಿರಲಿಲ್ಲ. ಧನ್ಯವಾದ.

ಕೆಜಿಎಫ್ ಆರ್ಗನ್

ಹೌದು, ಸರಿಯಾಗಿ ಅಷ್ಟೇ. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಪಡೆದ ಊರಿನವನಾಗಿ ಇಂಥ ವಿಷಯ ನನ್ನನ್ನು ಬಿಡುವುದಿಲ್ಲ.

ತುಮಕೂರು ಕೀಲಿಮಣೆ (ಮಂಗಳವಾರ, ರಾತ್ರಿ 10.05)

ಚಿಂತಾಮಣಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ‘ರೇಟ್’ಗೆ ಜೋಡಿಸಿದ್ದೆ. ಸ್ವಿಚ್‌ಗೆ ಬದಲಿಸಿದ ತಕ್ಷಣ ವೇಗ ಏರತೊಡಗಿತು. ರೋಟರಿಯನ್ನು ಆರ್ಗನ್ ಜೋನ್‌ಗೆ ಸರಿಸಿದೆ, ಪಿಯಾನೊ ಸುಮ್ಮನಾಯಿತು. ಎಷ್ಟು ಹೊತ್ತು ಬರೀ ಪೆಡಲ್ ಒತ್ತಿ ಬಿಟ್ಟು ಕೇಳುತ್ತಾ ಕುಳಿತಿದ್ದೆ ಎಂದು ಹೇಳಲಾರೆ.

ಈಗ ಬೇರೆ ತೊಡಕು. ಪೆಡಲ್ ಉಲ್ಟಾ ಕೆಲಸ ಮಾಡುತ್ತಿದೆ. ಒತ್ತಿದರೆ ನಿಧಾನ, ಬಿಟ್ಟರೆ ವೇಗ. ನಿನ್ನೆ ಸರಿಯಿತ್ತು.

ತಿಪಟೂರು ತಾಳ

ಪೊಲಾರಿಟಿ. ಕೆಲವು ಪೆಡಲ್‌ಗಳು ಬಿಟ್ಟಾಗ ತೆರೆದಿರುತ್ತವೆ, ಕೆಲವು ಬಿಟ್ಟಾಗ ಮುಚ್ಚಿರುತ್ತವೆ. ಅನೇಕ ವಾದ್ಯಗಳು ಆನ್ ಆಗುವ ಕ್ಷಣದಲ್ಲಿ ಪೆಡಲ್ ಯಾವ ಸ್ಥಿತಿಯಲ್ಲಿದೆಯೋ ಅದನ್ನೇ ‘ಬಿಟ್ಟ ಸ್ಥಿತಿ’ ಎಂದು ಗ್ರಹಿಸುತ್ತವೆ. ಇಂದು ಆನ್ ಮಾಡುವಾಗ ನಿಮ್ಮ ಕಾಲು ಪೆಡಲ್ ಮೇಲಿತ್ತು ಎಂದು ತೋರುತ್ತದೆ. ಆರಿಸಿ, ಕಾಲು ತೆಗೆದು ಮತ್ತೆ ಆನ್ ಮಾಡಿ. ಸರಿಹೋಗದಿದ್ದರೆ ಪೆಡಲ್‌ನ ತಳದಲ್ಲಿ ಚಿಕ್ಕ ಸ್ವಿಚ್ ಇದೆಯೇ ನೋಡಿ.

ತುಮಕೂರು ಕೀಲಿಮಣೆ

ಅದೇ ಆಗಿತ್ತು! ಕಾಲು ಮೇಲೆಯೇ ಇಟ್ಟಿದ್ದೆ. ತುಂಬಾ ಧನ್ಯವಾದ. ಇನ್ನೊಂದು: ಒತ್ತಿ ಹಿಡಿದಷ್ಟು ಹೊತ್ತು ವೇಗ ಇರುವುದು ಒಳ್ಳೆಯದೋ, ಒಮ್ಮೆ ಒತ್ತಿದರೆ ವೇಗ, ಮತ್ತೊಮ್ಮೆ ಒತ್ತಿದರೆ ನಿಧಾನ ಆಗುವ ಲ್ಯಾಚ್ ಒಳ್ಳೆಯದೋ?

ಚಿಂತಾಮಣಿ 88

ಲ್ಯಾಚ್, ಅನುಮಾನವೇ ಇಲ್ಲ. ಬಲಗಾಲು ಸದ್ದು ಏರಿಸಿ ಇಳಿಸುವ ಎಕ್ಸ್‌ಪ್ರೆಶನ್ ಪೆಡಲ್ ಮೇಲಿರಬೇಕು, ಏಕೆಂದರೆ ಆರ್ಗನ್‌ನಲ್ಲಿ ಬೆರಳಿನ ಒತ್ತಡದಿಂದ ಸದ್ದು ಹೆಚ್ಚುಕಡಿಮೆ ಆಗುವುದಿಲ್ಲ, ಎಲ್ಲವೂ ಕಾಲಿನಿಂದಲೇ. ನಿಮ್ಮ ಆರ್ಗನ್ ಜೋನ್‌ನ ವೆಲಾಸಿಟಿಯನ್ನು (ಕೀ ಒತ್ತುವ ರಭಸಕ್ಕೆ ಸದ್ದು ಬದಲಾಗುವುದನ್ನು) ಸ್ಥಿರ ಮಾಡಿದ್ದೀರಿ ತಾನೆ? ಮಾಡದಿದ್ದರೆ ಇಂದೇ ಮಾಡಿ. ಎಡಗಾಲಿಗೆ ರೋಟರಿಯ ಸ್ವಿಚ್. ಎಡಗಾಲನ್ನು ಇಡೀ ಚರಣ ಒತ್ತಿ ಹಿಡಿದರೆ ದೇಹದ ತೂಕವೇ ವಾಲುತ್ತದೆ.

ಗುಬ್ಬಿ ಪೇಟಿ

ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧ. ಹಿಡಿಯುವ ಪೆಡಲ್ ಇದ್ದರೆ ಕಾಲಿಗೆ ಸದಾ ಗೊತ್ತಿರುತ್ತದೆ ನಾದ ಎಲ್ಲಿದೆ ಎಂದು. ಲ್ಯಾಚ್‌ನಲ್ಲಿ ಮೂರು ಬಾರಿ ಒತ್ತಿದ ಮೇಲೆ ಈಗ ವೇಗದಲ್ಲಿದ್ದೇನೋ ನಿಧಾನದಲ್ಲಿದ್ದೇನೋ ಮರೆಯುತ್ತದೆ. ಜೊತೆಗೆ, ವೇಗ ಪೂರ್ತಿ ಏರುವ ಮೊದಲೇ ಅರ್ಧದಲ್ಲಿ ಬಿಟ್ಟರೆ ನಿಟ್ಟುಸಿರಿನಂಥ ಒಂದು ಅಲೆ ಬರುತ್ತದೆ. ಸಣ್ಣ ಆಲಾಪಗಳ ಕೊನೆಯಲ್ಲಿ ಅದಕ್ಕಿಂತ ಚೆಂದದ್ದಿಲ್ಲ. ಲ್ಯಾಚ್‌ನಲ್ಲಿ ಅದಕ್ಕೆ ಎರಡು ಬಾರಿ ಒತ್ತಬೇಕು, ಹೊತ್ತು ತಪ್ಪುತ್ತದೆ.

ಚಿಂತಾಮಣಿ 88

ಮರೆಯುವುದಕ್ಕೆ ಪರಿಹಾರ ಅಭ್ಯಾಸ. ಮೂರು ಗಂಟೆ ನಿಂತು ನುಡಿಸುವವರ ಬೆನ್ನನ್ನೂ ಯೋಚಿಸಿ.

ನಂದಿ ತಪ್ಪಲು

ಓದುತ್ತಾ ಓದುತ್ತಾ ನನಗೂ ಆಸೆಯಾಗಿದೆ. ನನ್ನ ಸರಳ ಡಿಜಿಟಲ್ ಪಿಯಾನೊದಲ್ಲಿ ರೋಟರಿಯೇ ಇಲ್ಲ. ಏನು ಮಾಡಬಹುದು?

ಕೋಲಾರ ಶ್ರುತಿ

ಹೊರಗಿನ ಪೆಡಲ್ ಪೆಟ್ಟಿಗೆಗಳಿವೆ. ಬಾಸ್ ಆರ್‌ಟಿ-20, ಜರ್ಮನಿಯ ನಿಯೊ ಕಂಪನಿಯ ವೆಂಟಿಲೇಟರ್ ಹೆಸರಾದವು. ಆದರೆ ವಾದ್ಯದ ಇಡೀ ಸದ್ದು ಅದರೊಳಗೆ ಹೋಗುವುದರಿಂದ ಪಿಯಾನೊ ಮತ್ತು ಆರ್ಗನ್ ಒಟ್ಟಿಗೆ ನುಡಿಸಲಾಗದು. ಖರ್ಚಿಲ್ಲದ ದಾರಿ ಬೇಕಿದ್ದರೆ ಸೆಟ್‌ಬಿಫ್ರೀ ಎಂಬ ಮುಕ್ತ ತಂತ್ರಾಂಶ ಇದೆ. ಹಲ್ಲುಚಕ್ರದ ಆರ್ಗನ್ ಮತ್ತು ತಿರುಗುವ ಸ್ಪೀಕರ್ ಎರಡನ್ನೂ ಅನುಕರಿಸುತ್ತದೆ. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಪಿಯಾನೊವನ್ನು ಯುಎಸ್‌ಬಿ ಮಿಡಿ ಮೂಲಕ ಜೋಡಿಸಿ ಮನೆಯಲ್ಲಿ ಕಲಿಯಬಹುದು. ಬೇರೆ ವಾದ್ಯವನ್ನೇ ಕೊಳ್ಳುವುದಾದರೆ ನಾರ್ಡ್ ಸ್ಟೇಜ್ 3ರ ಹಿಂಬದಿಯಲ್ಲಿ ರೋಟರ್ ಪೆಡಲ್‌ಗೆಂದೇ ಪ್ರತ್ಯೇಕ ಜಾಕ್ ಇದೆ, ಬೆಲೆ ಮಾತ್ರ ನಮ್ಮ ಕೈಗೆ ಎಟುಕುವಂಥದ್ದಲ್ಲ.

ತುಮಕೂರು ಕೀಲಿಮಣೆ (ಸೋಮವಾರ, ಬೆಳಿಗ್ಗೆ 7.30)

ನಿನ್ನೆ ಕಾರ್ಯಕ್ರಮ ಮುಗಿಸಿ ಮನೆ ಸೇರಿದಾಗ ರಾತ್ರಿ ಎರಡು ಗಂಟೆ. ನಿದ್ದೆ ಬರಲಿಲ್ಲ.

ವೇದಿಕೆ ಮೋನೊ ಆಗಿತ್ತು. ಬಲ ಜಾಕ್‌ಗೆ ಖಾಲಿ ಕೇಬಲ್ ಚುಚ್ಚಿ ಎಡವನ್ನು ಮಾತ್ರ ಕೊಟ್ಟೆ. ಧ್ವನಿವರ್ಧಕದ ಹುಡುಗ ತುದಿ ನೇತಾಡುವ ಕೇಬಲ್ ನೋಡಿ ಎರಡು ಬಾರಿ ಕಿತ್ತುಹಾಕಲು ಬಂದ, ತಡೆದೆ. ಮೊದಲ ಹಾಡಿನಲ್ಲಿ ಪೆಡಲನ್ನು ಪಲ್ಲವಿಯ ಮೊದಲ ಮಾತಿಗೇ ಒತ್ತಿದೆ. ತಡವಾಯಿತು, ವೇಗ ತುಂಬುವಷ್ಟರಲ್ಲಿ ಸಾಲು ಅರ್ಧ ಮುಗಿದಿತ್ತು. ಆಗ ಗುಬ್ಬಿಯವರ ಅಜ್ಜನ ಮಾತು ನೆನಪಾಯಿತು. ಎರಡನೆಯ ಹಾಡಿನಿಂದ ಚರಣದ ಕೊನೆಯ ಆವರ್ತದ ಅರ್ಧದಲ್ಲೇ ತುಳಿದೆ. ಕೊಂಬು ಮೊದಲು ಏರಿತು, ಕೆಳಗಿನದು ಹಿಂದೆ ಬಂತು, ಸರಿಯಾಗಿ ಪಲ್ಲವಿಯ ಸಮಕ್ಕೆ ಎರಡೂ ಕೂಡಿದವು. ನಮ್ಮ ಗಾಯಕಿ ಹಾಡುತ್ತಲೇ ನನ್ನ ಕಡೆ ತಿರುಗಿ ನೋಡಿದರು.

ಹಿಡಿಯುವ ಪೆಡಲನ್ನೇ ಇಟ್ಟುಕೊಂಡಿದ್ದೇನೆ. ಎಡ ಮೊಣಕಾಲು ಇಂದು ನೋಯುತ್ತಿದೆ, ಚಿಂತಾಮಣಿಯವರು ಹೇಳಿದ್ದು ನಿಜ.

ಗುಬ್ಬಿ ಪೇಟಿ

ಅಜ್ಜ ಇದ್ದಿದ್ದರೆ ಓದಿ ಹೇಳುತ್ತಿದ್ದೆ. ಎತ್ತರದ ಸ್ಟೂಲಿನ ಮೇಲೆ ಕುಳಿತು ನುಡಿಸಿ, ಮೊಣಕಾಲು ನೋಯುವುದಿಲ್ಲ. ಕಾಲು ಹಾರ್ಮೋನಿಯಂ ನುಡಿಸುವವರು ಹಾಗೆಯೇ ಕೂರುತ್ತಿದ್ದರು.

ಚಿಂತಾಮಣಿ 88

ಸ್ಟೂಲ್ ಆದರೆ ನಾನೂ ಹಿಡಿಯುವ ಪೆಡಲ್ ಒಮ್ಮೆ ಪ್ರಯತ್ನಿಸುತ್ತೇನೆ. ಡ್ರಮ್‌ನ ಟ್ರಾನ್ಸ್ ಡೌನ್‌ಗೆ ಯಾವ ಅಂಕಿ ಇಟ್ಟಿರಿ? ನನ್ನದು ಇಳಿಯುವಾಗ ಇನ್ನೂ ಅವಸರ ಮಾಡುತ್ತಿದೆ.